ಒಂಬತ್ತು ಗಜದ ಗೋಧಡಿ

ಮಹಾರಾಷ್ಟ್ರದಲ್ಲಿ ಚಳಿಯ ಸುದ್ದಿ ಅಂದರೆ ನಿಫಾಡದ ಸುದ್ದಿ. ನಾಸಿಕ್ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಡಿಸೆಂಬರ್-ಜನವರಿಯಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುವುದು ಮಾಮೂಲು. ದ್ರಾಕ್ಷಿ ಗೊಂಚಲಿನಲ್ಲಿ ಸಿಹಿ ತುಂಬುವ ಕಾಲವೂ ಅದೇ. ಚಳಿಗೆ ಹಣ್ಣು ಸೀಳೀತು ಎಂದು ರೈತರು ನಸುಕಿನಲ್ಲೇ ಎದ್ದು ತೋಟದ ಸಾಲುಗಳ ನಡುವೆ ಕಸಕಡ್ಡಿ ಸುಟ್ಟು ಹೊಗೆ ಹಾಕುತ್ತಾರೆ. ಬಳ್ಳಿಗೆ ಹೊಗೆ, ಮನುಷ್ಯರಿಗೆ ಗೋಧಡಿ.

ಗೋಧಡಿ ಬೇರೇನಲ್ಲ, ನಮ್ಮ ಕೌದಿಯೇ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆ. ಮರಾಠವಾಡಾದ ಕಡೆ ವಾಕಳ ಅನ್ನುವವರೂ ಉಂಟು. ನಾಸಿಕ್ ಮತ್ತು 2023ರವರೆಗೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರ ಅಕ್ಕಪಕ್ಕದ ಜಿಲ್ಲೆಗಳು. ಬಟ್ಟೆಯ ವಿಷಯಕ್ಕೆ ಹೊರಗಿನವರು ಇವನ್ನು ಬಲ್ಲದ್ದು ಪೈಠಣಿ ಸೀರೆಯಿಂದ: ಪೈಠಣ ಸಂಭಾಜಿನಗರ ಜಿಲ್ಲೆಯದು, ಪೈಠಣಿ ಮಗ್ಗಗಳ ಊರಾದ ಯೇವಲಾ ನಾಸಿಕ್ ಜಿಲ್ಲೆಯದು. ಪೈಠಣಿಗೆ ಅಂಗಡಿಯಿದೆ, ಬೋರ್ಡಿದೆ, ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದು ಮದುವೆಗೆ ಹೊರಬಂದು ಮತ್ತೆ ಟ್ರಂಕು ಸೇರುತ್ತದೆ. ಗೋಧಡಿಗೆ ಇದ್ಯಾವುದೂ ಇಲ್ಲ. ಅದನ್ನು ಹೊಲಿಯುವ ಹೆಂಗಸು ತನ್ನನ್ನು ಕುಶಲಕರ್ಮಿ ಅಂದುಕೊಂಡವಳೂ ಅಲ್ಲ. ಈರುಳ್ಳಿ ಸಸಿ ನೆಟ್ಟು, ಎಮ್ಮೆ ಹಿಂಡಿ, ಬಾಜ್ರಾ ಭಾಕರಿ ತಟ್ಟಿ, ಉಳಿದ ಹೊತ್ತಿನಲ್ಲಿ ಸೂಜಿ ಹಿಡಿದವಳು.

ಸಂಭಾಜಿನಗರ ಜಿಲ್ಲೆಯ ಸಿಲ್ಲೋಡ, ಸೋಯಗಾಂವದ ಕಪ್ಪು ನೆಲದಲ್ಲಿ ಹತ್ತಿ ಬೆಳೆಯುತ್ತದೆ. ಆದರೆ ಹತ್ತಿ ಬೆಳೆಯುವವರ ಮನೆಯ ಗೋಧಡಿಯೊಳಗೆ ಒಂದು ಹಿಡಿ ಅರಳೆಯೂ ಇರುವುದಿಲ್ಲ. ಹತ್ತಿ ಎಂದರೆ ರೊಕ್ಕ, ಅದು ಮಾರಾಟಕ್ಕೆ. ಇನ್ನೊಂದು ಕಾರಣವೂ ಇದೆ. ಅರಳೆ ತುಂಬಿದ ರಜಾಯಿಯನ್ನು ನೀರಿಗೆ ಹಾಕಿದರೆ ಹತ್ತಿ ಮುದ್ದೆಗಟ್ಟುತ್ತದೆ, ಆಮೇಲೆ ಪಿಂಜಾರರನ್ನು ಹುಡುಕಬೇಕು. ಗೋಧಡಿಯನ್ನು ಕಲ್ಲಿಗೆ ಬಡಿದು ಒಗೆಯಬಹುದು. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅದರ ಬಿಸುಪು, ಪದರ ಜಾರದಂತೆ ಹಿಡಿಯುವುದು ಒತ್ತೊತ್ತಾದ ಹೊಲಿಗೆ. ಹೊರಗಿನವರ ಹಂಗಿಲ್ಲದೆ, ಕೊಂಡು ತರುವ ಸಾಮಾನಿಲ್ಲದೆ ಮನೆಯಲ್ಲೇ ಆಗುವ ಹೊದಿಕೆ ಇದು. ದಾರದ ಉಂಡೆಯೊಂದಕ್ಕೆ ಮಾತ್ರ ಸಂತೆಗೆ ಹೋಗಬೇಕು.

ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆ ಎಂದ ಗೋದಾವರಿ ಈ ಎರಡೂ ಜಿಲ್ಲೆಗಳಲ್ಲಿ ಹರಿಯುತ್ತಾಳೆ. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕೇ ಇದೆ. ವೇರೂಳಿನ (ಎಲ್ಲೋರಾ) ಕೈಲಾಸ ದೇಗುಲ ನೋಡಲು ಹೋಗುವ ನಮ್ಮವರು ರಾಷ್ಟ್ರಕೂಟ ಕೃಷ್ಣನನ್ನು ನೆನೆದು ಎದೆಯುಬ್ಬಿಸಿಕೊಂಡು ಬರುತ್ತಾರೆ. ಬರಲಿ, ತಪ್ಪೇನಿಲ್ಲ. ಆದರೆ ಅಲ್ಲಿನ ಹಳ್ಳಿಮನೆಗಳ ಜೊತೆ ನಮ್ಮ ನಂಟು ಇದಕ್ಕಿಂತ ಬಹಳ ಹತ್ತಿರದ್ದು, ಅದು ಇಳಕಲ್ಲಿನದು. ಮರಾಠಿ ಹೆಂಗಸರು ತಲೆಮಾರುಗಟ್ಟಲೆ ಉಟ್ಟ ಒಂಬತ್ತು ಗಜದ ಲುಗಡೆಗಳಲ್ಲಿ ‘ಇರಕಲ್’ ಎಂದು ಅವರು ಕರೆಯುವ ನಮ್ಮ ಇಳಕಲ್ ಸೀರೆಗೆ ದೊಡ್ಡ ಪಾಲು. ಮೇಲೆ ತೊಡುವ ಚೋಳಿಗೆ ಗುಳೇದಗುಡ್ಡದ ಖಣ. ಬಾಗಲಕೋಟೆ ಜಿಲ್ಲೆಯ ನೇಕಾರ ನೇಯ್ದದ್ದು ಗೋದಾವರಿ ತೀರದ ಹೊಲದಲ್ಲಿ ಕಚ್ಚೆ ಹಾಕಿ ದುಡಿದು, ಒಗೆದು ಒಗೆದು ಮೆತ್ತಗಾಗಿ, ಕೊನೆಗೆ ಸೇರುತ್ತಿದ್ದುದು ಗೋಧಡಿಯನ್ನು. ಮೈಭಾಗದ ನೂಲು ಸವೆದರೂ ದಡಿ ಗಟ್ಟಿಯಾಗಿ ಉಳಿದಿರುತ್ತದೆ. ಅದನ್ನು ಉದ್ದಕ್ಕೆ ಕತ್ತರಿಸಿ ಗೋಧಡಿಯ ಅಂಚಿಗೆ ಪಟ್ಟಿಯಾಗಿ ಕೊಡುತ್ತಾರೆ. ಖಣದ ತುಂಡುಗಳು ಚೌಕ, ತ್ರಿಕೋನಗಳಾಗಿ ಮೇಲ್ಮೈಗೆ ಏರುತ್ತವೆ.

ಇಲ್ಲಿ ಒಂದು ಲೆಕ್ಕವನ್ನು ನೋಡಬೇಕು. ಒಂಬತ್ತು ಗಜವೆಂದರೆ ಸುಮಾರು 8.2 ಮೀಟರ್. ನಾಲ್ಕು ತುಂಡು ಮಾಡಿದರೆ ಒಂದೊಂದು ಎರಡು ಮೀಟರಿಗೆ ತುಸು ಹೆಚ್ಚು, ಅಂದರೆ ಕಾಲು ಚಾಚಿ ಮಲಗುವಷ್ಟು. ಸೀರೆಯ ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಎರಡು ತುಂಡು ಪಕ್ಕಪಕ್ಕ ಜೋಡಿಸಿದರೆ ಗೋಧಡಿಯ ಒಂದು ಮೈ, ಉಳಿದೆರಡು ಜೋಡಿಸಿದರೆ ಇನ್ನೊಂದು ಮೈ. ಚೂರೂ ಪೋಲಿಲ್ಲದೆ ಒಂದು ಲುಗಡೆಗೆ ಒಂದು ಗೋಧಡಿ. ಆರು ಗಜದ ಸೀರೆಯನ್ನು ಹೀಗೆ ನಾಲ್ಕು ಮಾಡಿ ನೋಡಿ, ಒಂದೊಂದು ತುಂಡು ಬರೀ ನಾಲ್ಕೂವರೆ ಅಡಿ ಬರುತ್ತದೆ. ಕಾಲು ಹೊರಗೆ! ಸೊಸೆಯಂದಿರು ಆರು ಗಜಕ್ಕೆ ಬಂದಾಗ ಗೋಧಡಿಯ ಲೆಕ್ಕ ತಪ್ಪಿತು. ಹೊರಮೈಗೆಂದೇ ಎರಡು ಸೀರೆ ಹುಡುಕಬೇಕಾಯಿತು. ಕರಕುಶಲದ ಅಳಿವು-ಉಳಿವಿನ ಬಗ್ಗೆ ಮಾತಾಡುವವರು ಗಿರಣಿ ಕಂಬಳಿಯನ್ನು ದೂರುತ್ತಾರೆ. ನನಗೆ ಕಾಣುವ ಮಟ್ಟಿಗೆ ಗೋಧಡಿಯ ಹಣೆಬರಹ ಬರೆದದ್ದು ಕಂಬಳಿಯಲ್ಲ, ಸೀರೆ.

ಹೊಲಿಯುವ ಕಾಲವನ್ನು ಗೊತ್ತು ಮಾಡುವುದು ಬೆಳೆ. ಮಳೆಗಾಲದಲ್ಲಿ ನೆಲ ಹಸಿ, ಬಿತ್ತನೆ, ಕಳೆ. ಅಕ್ಟೋಬರಿನಲ್ಲಿ ದ್ರಾಕ್ಷಿಗೆ ಹಣ್ಣಿನ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ. ದೀಪಾವಳಿಯ ಆಚೀಚೆ ಹತ್ತಿ ಬಿಡಿಸುವ ಕೆಲಸ. ಡಿಸೆಂಬರ್-ಜನವರಿಯಲ್ಲಿ ಬೇಸಿಗೆ ಈರುಳ್ಳಿಯ ನಾಟಿ, ಬೆನ್ನು ಬಗ್ಗಿಸಿ ಸಾಲುಸಾಲಾಗಿ ಸಸಿ ಊರುವುದು ಬಹುಪಾಲು ಹೆಂಗಸರ ಕೆಲಸ. ಮಾರ್ಚ್-ಏಪ್ರಿಲಿನಲ್ಲಿ ಅದನ್ನು ಕಿತ್ತು, ಎಲೆ ಕೊಯ್ದು, ಗಾಳಿಯಾಡುವ ‘ಕಾಂದಾ ಚಾಳ’ಗಳಲ್ಲಿ ತುಂಬಿಡಬೇಕು. ಲಾಸಲಗಾಂವದ ಮಾರುಕಟ್ಟೆಯಲ್ಲಿ ಬೆಲೆ ಏರಿದಾಗ ಮಾರಿದರಾಯಿತು ಎಂಬ ಆಸೆ. ಇಷ್ಟಾದ ಮೇಲೆ, ಮೃಗಶಿರಾ ಮಳೆ ಬರುವವರೆಗಿನ ಒಂದೂವರೆ-ಎರಡು ತಿಂಗಳು, ಅದರಲ್ಲೂ ಹೊಲದಲ್ಲಿ ನಿಲ್ಲಲಾಗದ ನಡುಮಧ್ಯಾಹ್ನದ ಹೊತ್ತು, ಗೋಧಡಿಯದು. ಆ ಹೊತ್ತಿಗೂ ಪಾಲುದಾರರು ಇಲ್ಲದಿಲ್ಲ. ಹಪ್ಪಳ, ಶಾವಿಗೆ, ಕುರಡಯಿ ಆಗಬೇಕಾದದ್ದೂ ಅದೇ ಬಿಸಿಲಿನಲ್ಲಿ.

ಸಾರಿಸಿದ ಅಂಗಳದಲ್ಲಿ, ಬೇವಿನ ನೆರಳಲ್ಲಿ ಕೆಳಮೈ ಹಾಸುತ್ತಾರೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಇಲ್ಲವೇ ತುಂಬಿದ ತಂಬಿಗೆ. ಅದರ ಮೇಲೆ ಒಳಪದರಗಳು: ಅಜ್ಜನ ಧೋತರ, ಹರಿದ ಚಾದರ, ಮಕ್ಕಳ ಅಂಗಿ. ಅಂಗಿಯ ಗುಂಡಿ ಬಿಚ್ಚಿ, ಕಾಲರು ಮತ್ತು ದಪ್ಪ ಹೊಲಿಗೆಯ ಭಾಗ ಕತ್ತರಿಸಿ ತೆಗೆದಿರಬೇಕು, ಇಲ್ಲದಿದ್ದರೆ ಸೂಜಿ ಅಲ್ಲಿಗೇ ಮುರಿಯುತ್ತದೆ. ಸುಕ್ಕುಗಳನ್ನು ಅಂಗೈಯಿಂದ ನಡುವಿನಿಂದ ಅಂಚಿಗೆ ನೀವಿ ನೀವಿ ತೆಗೆಯುತ್ತಾರೆ. ಮೇಲ್ಮೈ ಹಾಸಿದ ಮೇಲೆ ಉದ್ದುದ್ದ ಟಾಕು ಹಾಕಿ ಎಲ್ಲವನ್ನೂ ತಾತ್ಕಾಲಿಕವಾಗಿ ಹಿಡಿಸುತ್ತಾರೆ. ಇಷ್ಟಕ್ಕೆ ಮಾತ್ರ ನೆರೆಯವರು ಬೇಕೇ ಬೇಕು.

ಆಮೇಲೆ ನಿಜವಾದ ಹೊಲಿಗೆ. ಮರಾಠಿಯಲ್ಲಿ ಧಾವದೋರಾ ಎನ್ನುವ, ಸೂಜಿ ಮೇಲೆ-ಕೆಳಗೆ ಮುಳುಗಿ ಏಳುತ್ತ ಸಾಗುವ ಸರಳ ಓಟ. ದಬ್ಬಣಕ್ಕಿಂತ ಸಣ್ಣ, ಬಟ್ಟೆ ಸೂಜಿಗಿಂತ ಉದ್ದ ಸೂಜಿ. ದಪ್ಪ ಹತ್ತಿ ದಾರ. ಅಂಚಿನಿಂದ ಒಂದು ಬೆರಳಗಲ ಒಳಗೆ ಶುರು. ಮೂಲೆ ಬಂದಾಗ ತಿರುಗಿ, ನಾಲ್ಕೂ ಬದಿ ಸುತ್ತಿ, ಮತ್ತೆ ಒಂದು ಬೆರಳು ಒಳಗೆ. ಹೀಗೆ ಚೌಕದೊಳಗೆ ಚೌಕವಾಗಿ ಹೊಲಿಗೆ ನಡುವಿಗೆ ಬರುತ್ತದೆ. ಅಂಚಿನಿಂದ ಒಳಗೆ ಬರುವುದರಲ್ಲಿ ಒಂದು ಗಂಡಾಂತರವಿದೆ. ಪದರವನ್ನು ಸರಿಯಾಗಿ ನೀವಿರದಿದ್ದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಬಂದು ಗುಬುಟು ಕಟ್ಟುತ್ತದೆ. ಪಳಗಿದವಳು ಪ್ರತಿ ಸುತ್ತಿಗೂ ಎಡಗೈ ಕೆಳಗಿಟ್ಟು ಬಟ್ಟೆಯನ್ನು ತುಸುತುಸುವೇ ಹೀರಿಸಿಕೊಳ್ಳುತ್ತ ಹೋಗುತ್ತಾಳೆ. ಗಂಟು ಹೊರಗೆ ಕಾಣಬಾರದು, ದಾರದ ತುದಿಯನ್ನು ಪದರದೊಳಗೆ ಎಳೆದು ಬಿಡಬೇಕು. ನಾಲ್ಕು ಜನ ನಾಲ್ಕು ಬದಿ ಕೂತರೆ ಕೆಲಸ ಬೇಗ. ಆದರೆ ಒಬ್ಬಳದು ಅಕ್ಕಿಕಾಳಿನಷ್ಟು ಟಾಕು, ಇನ್ನೊಬ್ಬಳದು ಅದರ ಎರಡರಷ್ಟು. ಯಾವ ಬದಿ ಯಾರದೆಂದು ಮನೆಯವರು ಕೈಬರಹ ಗುರುತಿಸಿದ ಹಾಗೆ ಹೇಳಬಲ್ಲರು. ಒಬ್ಬಳೇ ಹೊಲಿದರೆ ಇಡೀ ಬೇಸಿಗೆ ಹಿಡಿದರೂ ಹಿಡಿಯಿತು. ಮಧ್ಯೆ ಎಮ್ಮೆ ಕರು ಹಾಕಿತು, ನೆಂಟರು ಬಂದರು, ಕರೆಂಟು ಬಂದು ಮೋಟಾರು ಚಾಲೂ ಆಯಿತು ಎಂದರೆ ಸುತ್ತಿ ಮೂಲೆಗಿಟ್ಟು ಏಳಬೇಕು. ಚೌಕಟ್ಟಿಲ್ಲ, ಯಂತ್ರವಿಲ್ಲ, ಸುತ್ತಿಡಲು ಬರುತ್ತದೆ. ಬೇಸಾಯದ ಮನೆಗೆ ಇದು ಒಗ್ಗಿದ್ದೇ ಅದಕ್ಕೆ.

ಗೋಧಡಿಗೂ ವಯಸ್ಸಿನ ಪ್ರಕಾರ ಸ್ಥಾನಮಾನವಿದೆ. ಹೊಸದು ಬೀಗರು ಬಂದಾಗ ಹೊರಬರುತ್ತದೆ. ಒಂದೆರಡು ವರ್ಷಕ್ಕೆ ಮನೆಮಂದಿಯ ಹಾಸಿಗೆ. ಆಮೇಲೆ ಹೊಲ ಕಾಯುವವನ ಜೊತೆ ಗುಡಿಸಲಿಗೆ. ಅಲ್ಲಿಂದ ಮೆಣಸಿನಕಾಯಿ ಒಣಗಿಸಲು, ಚಳಿಗೆ ದನದ ಬೆನ್ನಿಗೆ. ಇನ್ನೂ ಜೀವವಿದ್ದರೆ ಹೊಸ ಗೋಧಡಿಯ ಹೊಟ್ಟೆಯೊಳಗೆ ಪದರವಾಗಿ ಮತ್ತೆ ಮನೆ ಸೇರುತ್ತದೆ. ಹಳೆಯದೊಂದನ್ನು ಬಿಚ್ಚಿದರೆ ಒಳಗೆ ಇನ್ನೊಂದು, ಅದರೊಳಗೆ ಯಾರೋ ಮುತ್ತಜ್ಜಿಯ ಲುಗಡೆ. ‘ಆಜೀಚ್ಯಾ ಲುಗಡ್ಯಾಚೀ ಗೋಧಡೀ’ ಎಂದು ಪುಣೆ-ಮುಂಬೈಯವರು ಈಗ ಕಣ್ಣು ತುಂಬಿಕೊಂಡು ಹೇಳುತ್ತಾರೆ. ಆ ಅಜ್ಜಿಗೆ ಬೇರೆ ಹೊದಿಕೆ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ ಎಂಬುದನ್ನೂ ಜೊತೆಗೆ ಹೇಳಿದರೆ ಚೆನ್ನ.

ಬಡತನದ ಗುರುತಾಗಿದ್ದುದರಿಂದಲೇ ಅದಕ್ಕೆ ವೈರಾಗ್ಯದ ಅರ್ಥವೂ ಬಂತು. ಗಾಡಗೇಬಾಬಾ (1876–1956) ತೇಪೆ ಹಾಕಿದ ಚಿಂದಿ ತೊಟ್ಟು, ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸಿದವರು. ಜನ ಅವರನ್ನು ಗೋಧಡೇಬುವಾ ಎಂದೂ ಕರೆದರು. ನಾಸಿಕದಲ್ಲಿ ಅವರು ಕಟ್ಟಿಸಿದ ಧರ್ಮಶಾಲೆ ಇದೆ. ಆಷಾಢ ಏಕಾದಶಿಗೆಂದು ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಾಲಖಿ, ಪೈಠಣದಿಂದ ಏಕನಾಥರ ಪಾಲಖಿ ಪಂಢರಪುರಕ್ಕೆ ಹೊರಡುತ್ತವೆ. ಯಾತ್ರಿಕರಾದ ವಾರಕರಿಗಳು ಮುಂದೆ ನಡೆದರೆ ಅವರ ತಂಡದ, ಅಂದರೆ ದಿಂಡಿಯ, ಲಾರಿಗಳಲ್ಲಿ ಹಾಸಿಗೆ-ಹೊದಿಕೆಯ ಗಂಟುಗಳು ಹಿಂದೆ ಬರುತ್ತವೆ.

ನಮ್ಮ ಕಡೆಗೂ ಈ ಗಂಟುಗಳು ಬರುತ್ತವೆ. ಮಳೆ ನಂಬಿದ ಮರಾಠವಾಡಾದ ಬರಡು ತಾಲ್ಲೂಕುಗಳಿಂದ ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯುವವರು ಗಂಡ-ಹೆಂಡತಿ ಜೋಡಿಯಾಗಿ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳ ಸೀಮೆಗೂ ಬರುತ್ತಾರೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಪಾತ್ರೆ, ಮಕ್ಕಳು, ಕೋಳಿ, ಅವುಗಳ ನಡುವೆ ಸುತ್ತಿಟ್ಟ ಗೋಧಡಿ. ನಾಲ್ಕೈದು ತಿಂಗಳು ಗದ್ದೆಯ ಬದಿಯ ಗುಡಿಸಲಿನಲ್ಲಿ ಅದೇ ಹಾಸಿಗೆ, ಬಾಗಿಲಿಲ್ಲದ ಕಡೆ ಅದೇ ಪರದೆ.

ಭಾದ್ರಪದದ ಕೊನೆಗೆ, ಘಟಸ್ಥಾಪನೆಯ ಮುಂಚೆ, ಮನೆಯ ಗೋಧಡಿಗಳಷ್ಟೂ ಒಗೆತಕ್ಕೆ ಹೊರಡುತ್ತವೆ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಾನೌಮಿ ಮುಂದಿನ ಕೌದಿ ಒಗೆತ ಅಲ್ಲಿಯೂ ಇದೆ. ಒಣಗಿದ್ದಾಗ ಹೆಗಲಿಗೆ ಹಾಕುವ ಗೋಧಡಿ ನೀರು ಕುಡಿದ ಮೇಲೆ ಒಬ್ಬರ ಕೈಗೆ ಬಗ್ಗದು. ತುಳಿದು, ಬಡಿದು, ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುಚಬೇಕು. ಆ ವಾರ ಹಳ್ಳದ ದಂಡೆ, ಬೇಲಿ, ಬಂಡೆ, ಮಾಳಿಗೆ ಎಲ್ಲ ಕಡೆ ಗೋಧಡಿಯೇ. ಯಾರ ಮನೆಯಲ್ಲಿ ಎಷ್ಟು ಎಂಬುದು ಊರಿಗೇ ಗೊತ್ತಾಗುವುದು ಆಗಲೇ.

ಅಂಚಿನಿಂದ ನಡುವಿಗೆ ಹೊಲಿಯುವ ಇದೇ ಕ್ರಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರದ್ದೂ ಹೌದು. ಅವರು ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫುಲಾ’ ಇಡುತ್ತಾರೆ, ಅದಿಲ್ಲದ ಕೌದಿ ಅವರಿಗೆ ಕೌದಿಯಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಸಿದ್ದಿ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ಮಹಾರಾಷ್ಟ್ರದ ಗೋಧಡಿಗಳ ಮೇಲೆ ಗೀತಾ ಖಂಡೇಲವಾಲ್ ಪುಸ್ತಕವನ್ನೇ ತಂದರು. ಇವೆಲ್ಲ ಆಗಬೇಕಾದದ್ದೇ. ಆದರೂ ಗೋಡೆಗೆ ತೂಗಿದ ಗೋಧಡಿಯ ಬಣ್ಣ ಮಾತ್ರ ಕಾಣುತ್ತದೆ, ತೂಕ ತಿಳಿಯುವುದಿಲ್ಲ.

ಈಗ ಮನೆಯಲ್ಲಿ ಮಿಗುವುದು ಪಾಲಿಯೆಸ್ಟರ್ ಸೀರೆ. ಹರಿಯುವುದಿಲ್ಲ, ಮಾಸುವುದಿಲ್ಲ, ಬೆವರು ಹೀರುವುದಿಲ್ಲ, ಹೊಲಿಯುವಾಗ ಪದರದ ಮೇಲೆ ಪದರ ಜಾರುತ್ತದೆ. ಜಾಣೆಯರು ಅದನ್ನು ಬಣ್ಣಕ್ಕೆಂದು ಮೇಲ್ಮೈಗೆ ಇಟ್ಟು, ಮೈಗೆ ತಾಗುವ ಬದಿಗೆ ಹುಡುಕಿ ಹುಡುಕಿ ಹತ್ತಿ ಬಟ್ಟೆ ಹಾಕುತ್ತಾರೆ. ಅಂಗಳಕ್ಕೆ ಕಾಂಕ್ರೀಟು ಬಿದ್ದಿದೆ. ದ್ರಾಕ್ಷಿ ತೋಟದ ಕೂಲಿ ಕೈಗೆ ಸಿಗುವಾಗ ಮಧ್ಯಾಹ್ನಗಳನ್ನು ಸೂಜಿಗೆ ಕೊಡುವುದು ಯಾರಿಗೂ ಗಿಟ್ಟುವುದಿಲ್ಲ. ಟೆಂಪೋದಲ್ಲಿ ಹೊಲಿಗೆ ಯಂತ್ರ ಹೇರಿಕೊಂಡು ಊರೂರು ತಿರುಗುವವರಿಗೆ ಬಟ್ಟೆ ಕೊಟ್ಟರೆ ಸಂಜೆಯೊಳಗೆ ಗೋಧಡಿ ಸಿದ್ಧ. ಇನ್ನೊಂದು ಕಡೆ ಸ್ವಸಹಾಯ ಸಂಘಗಳು ಪೇಟೆಯ ಗಿರಾಕಿಗೆಂದು ಹೊಸ ಬಟ್ಟೆಯಲ್ಲಿ ಕೈಹೊಲಿಗೆಯ ಗೋಧಡಿ ಮಾಡಿಸುತ್ತಿವೆ. ಅದರಿಂದ ನಾಲ್ಕು ಮನೆಗೆ ದುಡ್ಡು ಬರುವುದಾದರೆ ಸಂತೋಷವೇ. ಒಗೆದು ಮೆತ್ತಗಾಗಲು ಮಾತ್ರ ಆ ಹೊಸ ಬಟ್ಟೆ ಕೆಲವು ವರ್ಷ ಕಾಯಬೇಕು.

ಕೊಳ್ಳುವ ಮನಸ್ಸಿದ್ದವರು ಗೋಧಡಿಯನ್ನು ಮಗುಚಿ ಹಿಂಬದಿ ನೋಡಬೇಕು. ಯಂತ್ರದ ಹೊಲಿಗೆ ಎರಡೂ ಬದಿ ಎಡೆಬಿಡದ ಗೆರೆ. ಕೈಯದಾದರೆ ಬಿಟ್ಟು ಬಿಟ್ಟು ಬರುವ ಚುಕ್ಕೆ, ಮೂಲೆ ತಿರುಗುವಲ್ಲಿ ಸ್ವಲ್ಪ ಸೊಟ್ಟ. ನಡುವೆ ಅಂಗೈ ಆಡಿಸಿದರೆ ಗುಬುಟು ಸಿಗಬಾರದು. ವಾಷಿಂಗ್ ಮಷೀನಿಗೆ ಹಾಕಬೇಡಿ, ನೀರು ಕುಡಿದ ಭಾರಕ್ಕೆ ದಾರ ಕಿತ್ತುಬರುತ್ತದೆ. ವರ್ಷಕ್ಕೊಮ್ಮೆ ಒಗೆದು ಎರಡು ದಿನ ಕಡುಬಿಸಿಲಿಗೆ ಹಾಕಿದರೆ ಸಾಕು.