ರಕ್ತದಲ್ಲಿ ಉಳಿಯುವ ಜ್ವರದ ಗುರುತು

2006ರಲ್ಲಿ ಸೊಳ್ಳೆಯಿಂದ ಹರಡುವ ಚಿಕೂನ್‌ಗುನ್ಯಾ ನಮ್ಮ ಹಳ್ಳಿಗಳಿಗೆ ನುಗ್ಗಿದುದನ್ನು ರೈತ ಬಾಂಧವರು ಮರೆತಿರಲಾರರು. ನೇಗಿಲು ಹಿಡಿಯುವ ಕೈಗೆ ತಂಬಿಗೆ ಎತ್ತಲೂ ಆಗದಾಗಿತ್ತು. ಆ ವರ್ಷ ರಾಜ್ಯದಲ್ಲಿ 7.5 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ಬೇನೆ ಇರಬಹುದೆಂದು ಸರ್ಕಾರ ಲೆಕ್ಕ ಹಾಕಿತು. ಆದರೆ ಕಷಾಯ ಕುಡಿದು ಮನೆಯಲ್ಲೇ ಮಲಗಿದವರೆಷ್ಟೋ! ಜ್ವರವೇ ಬಾರದೆ ಸೋಂಕು ತಗಲಿದವರೂ ಉಂಟು.

ಇಂಥವರನ್ನು ತಿಳಿಯುವುದು ರಕ್ತ ಪರೀಕ್ಷೆಯಿಂದ. ಕೆರೆಯ ನೀರು ಇಳಿದ ಮೇಲೂ ಏರಿಯ ಕಲ್ಲಿನ ಮೇಲೆ ಅದು ನಿಂತಿದ್ದ ಗುರುತು ಉಳಿಯುವುದಿಲ್ಲವೆ? ಹಾಗೆಯೇ, ವೈರಾಣುವನ್ನು ಎದುರಿಸಲು ದೇಹವು ಉಂಟುಮಾಡಿದ ಪ್ರತಿಕಾಯಗಳು ರಕ್ತದಲ್ಲಿ ಉಳಿಯುತ್ತವೆ. ಒಂದು ಬಗೆಯವು ಕೆಲವು ತಿಂಗಳಲ್ಲಿ ಅಡಗುತ್ತವೆ; ಅವು ಈಚಿನ ಸೋಂಕಿನ ಗುರುತು. ಇನ್ನೊಂದು ಬಗೆಯವು ವರ್ಷಗಟ್ಟಲೆ ಇರುತ್ತವೆ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ 2006ರಲ್ಲಿ ಹೀಗೆ ಪರೀಕ್ಷಿಸಿದಾಗ, 100ಕ್ಕೆ 38 ಮಂದಿಗೆ ಸೋಂಕು ತಗಲಿತ್ತೆಂದು ತಿಳಿದುಬಂತು.

ಆದ್ದರಿಂದ ಆರೋಗ್ಯ ಸಿಬ್ಬಂದಿ ಬಂದು ರಕ್ತ ಕೇಳಿದರೆ, "ಗಟ್ಟಿಮುಟ್ಟಾಗಿದ್ದೇನಲ್ಲ, ನನ್ನದೇಕೆ?" ಎನ್ನಬೇಡಿರಿ. ಗಟ್ಟಿಮುಟ್ಟಾಗಿರುವವರ ರಕ್ತವೂ ಬೇಕು. ಗುರುತಿಲ್ಲದವರು ಹೆಚ್ಚಿರುವ ಊರಿನಲ್ಲಿ ಮುಂದಿನ ಸಲ ಬೇನೆ ಬೇಗ ಹರಡಬಹುದು. ತೊಟ್ಟಿ, ಹಂಡೆಗಳಲ್ಲಿ ಸೊಳ್ಳೆಮರಿ ಹುಡುಕಲು ಮೊದಲು ಅಲ್ಲಿಗೇ ಹೋಗಬೇಕಾಗುತ್ತದೆ.