ಕಪ್ಪು ಗಾಜಿನ ಹಿಂದಿನ ಕಣ್ಣು ತಡವಾಗಿ ನೋಡುತ್ತದೆ



ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿರಿ. ದಾರ ಸೂಜಿಯ ಮುಂದೋ ಹಿಂದೋ ಹೋಗುತ್ತದೆ, ಹೌದಲ್ಲ? ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂ.ಮೀ. ಅಂತರವಿದೆ. ಎಡಗಣ್ಣಿಗೆ ಕಾಣುವ ಚಿತ್ರವೇ ಬೇರೆ, ಬಲಗಣ್ಣಿಗೆ ಕಾಣುವುದು ತುಸು ಬೇರೆ. ಎರಡನ್ನೂ ಕೂಡಿಸಿ, ಯಾವುದು ಹತ್ತಿರ, ಯಾವುದು ದೂರ ಎಂದು ಮಿದುಳು ತಿಳಿಯುತ್ತದೆ.

1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಈ ವಿಷಯವನ್ನು ಸ್ಟೀರಿಯೋಸ್ಕೋಪ್ ಎಂಬ ಉಪಕರಣದಿಂದ ತೋರಿಸಿದನು. ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದರಂತೆ ತೋರಿಸಿದರೆ ಉಬ್ಬು-ತಗ್ಗು ಎದ್ದು ಕಾಣುತ್ತದೆ. ಮುಂದೆ ಫೋಟೋಗಳು ಬಂದವು, ಫಿಲ್ಮಿನ ಸ್ಲೈಡುಗಳೂ ಬಂದವು. ಸ್ಲೈಡ್ ಅಂದರೆ ಬೆಳಕಿಗೆ ಹಿಡಿದು ನೋಡುವ ಚಿತ್ರ. ಕಪ್ಪು-ಬಿಳುಪು ಸ್ಲೈಡಿನಲ್ಲಿ ಬೆಳ್ಳಿಯ ಕಣಗಳು ಹೆಚ್ಚಿದ್ದಲ್ಲಿ ಕಪ್ಪು, ಕಡಿಮೆ ಇದ್ದಲ್ಲಿ ಬೆಳಕು.

ಜೋಡಿಯಲ್ಲಿ ಒಂದು ಚಿತ್ರ ಹೆಚ್ಚು ಕಪ್ಪಾಗಿದ್ದರೆ ಏನಾಗುತ್ತದೆ? ಜರ್ಮನಿಯ ಕಾರ್ಲ್ ಪುಲ್ಫ್ರಿಕ್ ಎಂಬ ವಿಜ್ಞಾನಿ ಇಂಥ ಜೋಡಿ ಫೋಟೋ ಅಳೆಯುವ ಯಂತ್ರ ತಯಾರಿಸಿದ್ದನು. ಎರಡೂ ಫೋಟೋಗಳ ಬೆಳಕು ಸಮ ಇಲ್ಲದಿದ್ದರೆ, ಯಂತ್ರದೊಳಗೆ ಚಲಿಸುವ ಗುರುತು ಇದ್ದ ಜಾಗ ಬಿಟ್ಟು ಹಿಂದೆ-ಮುಂದೆ ಸರಿದಂತೆ ಕಾಣುತ್ತಿತ್ತು. ಇದರ ಕಾರಣವನ್ನು ಅವನು 1922ರಲ್ಲಿ ಪ್ರಕಟಿಸಿದನು. ವಿಚಿತ್ರವೆಂದರೆ, ಆ ಹೊತ್ತಿಗೆ ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಜಗತ್ತಿಗೆ ತಿಳಿಸಿಕೊಟ್ಟ ನೋಟವನ್ನು ತಾನು ಮಾತ್ರ ನೋಡಲಿಲ್ಲ!

ನೀವು ನೋಡಬಹುದು. ಒಂದು ಮೀಟರ್ ದಾರಕ್ಕೆ ಸಣ್ಣ ಕಲ್ಲು ಕಟ್ಟಿ ತೂಗಬಿಡಿರಿ. ಗೆಳೆಯನೊಬ್ಬ ಅದನ್ನು ನಿಮ್ಮ ಎಡದಿಂದ ಬಲಕ್ಕೆ, ನೇರ ಗೆರೆಯಲ್ಲಿ ತೂಗಲಿ. ಎರಡು ಮೀಟರ್ ದೂರ ನಿಂತು, ತಂಪು ಕನ್ನಡಕದ ಒಂದೇ ಗಾಜನ್ನು ಎಡಗಣ್ಣಿಗೆ ಹಿಡಿದು, ಎರಡೂ ಕಣ್ಣು ತೆರೆದು ನೋಡಿರಿ. "ಸರ, ಕಲ್ಲು ಸುತ್ತು ಹೊಡ್ಯಾಕತ್ತೈತ್ರಿ!" ಅನ್ನುತ್ತೀರಿ. ಗಾಜನ್ನು ಬಲಗಣ್ಣಿಗೆ ಹಿಡಿದರೆ ಸುತ್ತು ತಿರುವುಮುರುವು. ಯಾಕೆ? ಮಂದ ಬೆಳಕಿನ ಸುದ್ದಿ ಕಣ್ಣಿನಿಂದ ಮಿದುಳಿಗೆ ತುಸು ತಡವಾಗಿ ಮುಟ್ಟುತ್ತದೆ. ಒಂದು ಕಣ್ಣು ಈಗಿನ ಕಲ್ಲನ್ನು ಹೇಳಿದರೆ ಇನ್ನೊಂದು ಕಣ್ಣು ಸ್ವಲ್ಪ ಹಿಂದಿನ ಕಲ್ಲನ್ನು ಹೇಳುತ್ತದೆ. ಆ ವ್ಯತ್ಯಾಸವನ್ನೇ ಮಿದುಳು ದೂರ-ಹತ್ತಿರ ಎಂದು ಓದಿಕೊಳ್ಳುತ್ತದೆ.

ಹಾಗಾದರೆ ಎರಡು ಫಿಲ್ಮುಗಳ ಬೆಳಕು ಸಮ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕಣ್ಣಂದಾಜು ನಂಬಬೇಡಿರಿ. ಉರಿಬಿಸಿಲಿನಿಂದ ಒಳಗೆ ಬಂದಾಗ ಮನೆ ಕತ್ತಲೆ ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲ ಕಾಣುತ್ತದೆ. ಮನೆಯ ಬೆಳಕು ಬದಲಾಗಿಲ್ಲ, ಬದಲಾದದ್ದು ಕಣ್ಣು. ಅದಕ್ಕೇ ಎರಡೂ ಫಿಲ್ಮುಗಳನ್ನು ಒಟ್ಟಿಗೆ ಇಟ್ಟು ಹೋಲಿಸಬೇಕು. ಮನೆಯಲ್ಲಿರುವ ಹಳೆಯ ಎಕ್ಸ್‌ರೇ ಫಿಲ್ಮಿನ ಎರಡು ತುಂಡುಗಳಿಂದ ಅಭ್ಯಾಸ ಮಾಡಿರಿ. ಕಪ್ಪು ರಟ್ಟಿನಲ್ಲಿ ಒಂದೇ ಅಳತೆಯ ಎರಡು ಕಿಂಡಿ ಕೊರೆದು, ಹಿಂದೆ ತುಂಡುಗಳನ್ನು ಇಟ್ಟು, ಬೆಳಕು ಬಿದ್ದ ಬಿಳಿ ಗೋಡೆಯ ಕಡೆ ಹಿಡಿಯಿರಿ. ಸೂರ್ಯನತ್ತ ಮಾತ್ರ ಎಂದೂ ಹಿಡಿಯಬೇಡಿರಿ.

ಫಿಲ್ಮಿನ ಕಪ್ಪಿಗೆ ಅಳತೆಯೂ ಇದೆ, ಅದೇ ಸಾಂದ್ರತೆ. ಸಾಂದ್ರತೆ 0.3 ಇದ್ದರೆ ಅರ್ಧ ಬೆಳಕು ದಾಟುತ್ತದೆ. 1 ಇದ್ದರೆ ಹತ್ತರಲ್ಲಿ ಒಂದು ಭಾಗ, 2 ಇದ್ದರೆ ನೂರರಲ್ಲಿ ಒಂದು ಭಾಗ. ಒಂದರ ಮೇಲೊಂದು ಇಟ್ಟ ಫಿಲ್ಮುಗಳ ಸಾಂದ್ರತೆಯನ್ನು ಸುಮ್ಮನೆ ಕೂಡಿಸಿದರೆ ಸಾಕು.

ಇದು ಬರೀ ಆಟವಲ್ಲ. 2005ರ ಮೇ 5ರಂದು ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕಪ್ಪು-ಬಿಳುಪು ಕ್ಯಾಮೆರಾಗಳಿದ್ದವು. ಒಂದು ಮುಂದಕ್ಕೆ 26 ಡಿಗ್ರಿ, ಇನ್ನೊಂದು ಹಿಂದಕ್ಕೆ 5 ಡಿಗ್ರಿ ವಾಲಿತ್ತು. ಒಂದೇ ನೆಲದ ಎರಡು ನೋಟದಿಂದ ದಿಬ್ಬವೆಷ್ಟು, ತಗ್ಗೆಷ್ಟು ಎಂದು ಅಳೆಯಬಹುದು. ನಮ್ಮ ಸೋನ್ಯಾಳ ಇರುವ ಜತ್ತ ತಾಲೂಕು ಬರದ ನಾಡು. ಬಿದ್ದ ಮಳೆ ಎತ್ತ ಹರಿಯುತ್ತದೆ, ಒಡ್ಡು ಎಲ್ಲಿ ಹಾಕಬೇಕು ಎಂಬುದಕ್ಕೆ ನೆಲದ ಏರಿಳಿತವೇ ಉತ್ತರ. ಕಲ್ಲಿನ ಸುತ್ತು ನೋಡಿದ ಮೇಲೆ ಊರ ಹಳ್ಳದ ದಂಡೆಗೆ ಹೋಗಿ ನಿಲ್ಲಿರಿ. ಮೊದಲು ಒಂದು ಕಣ್ಣಿನಿಂದ, ಆಮೇಲೆ ಎರಡೂ ಕಣ್ಣಿನಿಂದ ನೋಡಿರಿ. ಏನು ಕಂಡಿತೆಂದು ವಹಿಯಲ್ಲಿ ಬರೆದಿಡಿರಿ.