ನಿಮಗಿದು ಗೊತ್ತೇ? ಮರೆವಿನ ಮದ್ದು ತಲೆಯಲ್ಲಷ್ಟೇ ಇಲ್ಲ

◆ 1981ರ ಜುಲೈ 5ರಂದು ಮಂಗಳೂರಿನಲ್ಲಿ ರಾಜನ್ ಮಹದೇವನ್ ಎಂಬ ತರುಣ ‘ಪೈ’ ಸಂಖ್ಯೆಯ ಮೊದಲ 31,811 ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿ ಗಿನ್ನೆಸ್ ಪುಸ್ತಕ ಸೇರಿದರು. ನಡುವಿನ ವಿರಾಮವೂ ಸೇರಿ ನಾಲ್ಕು ತಾಸು ಹಿಡಿಯಲಿಲ್ಲ. ಮುಂದೆ ಅಮೆರಿಕದ ಮನೋವಿಜ್ಞಾನಿಗಳು ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅಂಕಿ ಕೊಟ್ಟರೆ ಅವರನ್ನು ಹಿಡಿಯುವವರಿರಲಿಲ್ಲ. ಅಂಕಿಯ ಬದಲು ಬೇರೆ ಚಿಹ್ನೆಗಳನ್ನು ತೋರಿಸಿದಾಗ? ಮೊದಮೊದಲು ಒಂದು ಸಲಕ್ಕೆ ಆರರ ಆಸುಪಾಸು. ನಮ್ಮ ನಿಮ್ಮಷ್ಟೇ. ಒಂದರಲ್ಲಿ ಪಳಗಿದ ನೆನಪು ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ. ಸುಡೊಕು ತುಂಬಿಸಿದ ಮಾತ್ರಕ್ಕೆ ತಲೆ ಚುರುಕಾಗಿಯೇ ಉಳಿಯುತ್ತದೆ ಎಂದು ನಂಬಿ ಕೂತವರು ಇದನ್ನು ಎರಡು ಸಲ ಓದಬಹುದು.

◆ ಮೆದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು. ಅದು ಉಣ್ಣುವ ಶಕ್ತಿ ಮಾತ್ರ ಶೇ 20ರಷ್ಟು. ಅಷ್ಟನ್ನೂ ಹೊತ್ತು ತರಬೇಕಾದದ್ದು ರಕ್ತನಾಳಗಳೇ. ಆದ್ದರಿಂದ ನೆನಪಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಬಿಪಿ ಎಷ್ಟಿದೆ?’ ಎಂಬುದು.

◆ ಅದಕ್ಕೆ ಪುರಾವೆ ಬೇಕೇ? ಅಮೆರಿಕದಲ್ಲಿ ಐವತ್ತು ದಾಟಿದ 9,361 ಬಿಪಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಅಂಕಿಯನ್ನು 140ರ ಕೆಳಗಿಡುವ ಗುರಿ, ಇನ್ನೊಂದಕ್ಕೆ 120ರ ಕೆಳಗೆ. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಬಿಗಿ ಹಿಡಿತದ ಗುಂಪಿನಲ್ಲಿ ಡಿಮೆನ್ಶಿಯಾದ (ಮರೆಗುಳಿ ರೋಗದ) ಹಿಂದಿನ ಮೆಟ್ಟಿಲಾದ ಲಘು ಮರೆವು ಶೇ 19ರಷ್ಟು ಕಡಿಮೆ. ಒಂದು ತಿಂಗಳು ಮಾತ್ರೆ ನುಂಗಿ, ‘ನಾರ್ಮಲ್ ಆಯ್ತಲ್ಲ’ ಎಂದು ನಿಲ್ಲಿಸಿಬಿಡುವ ಮಾವಂದಿರು, ಚಿಕ್ಕಪ್ಪಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಈ ಪ್ಯಾರಾವನ್ನು ಅವರ ಮುಂದೆ ಗಟ್ಟಿಯಾಗಿ ಓದಿ.

◆ ಅಡುಗೆಮನೆಗೆ ಹೋಗಿ ‘ಯಾಕೆ ಬಂದೆ?’ ಎಂದು ನಿಂತುಬಿಡುವುದು ಕಾಯಿಲೆಯಲ್ಲ. ಹೊಸ್ತಿಲು ದಾಟಿದೊಡನೆ ಮೆದುಳು ಹಳೆಯ ಕೋಣೆಯ ಕಡತ ಮುಚ್ಚಿ ಹೊಸದನ್ನು ತೆರೆಯುತ್ತದೆ ಎನ್ನುತ್ತಾರೆ ಇದನ್ನು ಪ್ರಯೋಗಿಸಿ ನೋಡಿದ ಮನೋವಿಜ್ಞಾನಿ ಗೇಬ್ರಿಯಲ್ ರಾಡ್ವಾನ್ಸ್ಕಿ. 

◆ ಬೀಗದ ಕೈ ಎಲ್ಲಿಟ್ಟೆ ಎಂದು ಮರೆಯುವುದು ಎಲ್ಲರ ಪಾಡು. ಬೀಗದ ಕೈ ಹಿಡಿದು, ಇದರಿಂದ ಏನು ಮಾಡಬೇಕು ಎಂದು ತೋಚದಿದ್ದರೆ, ನಿತ್ಯ ನಡೆಯುವ ರಸ್ತೆಯಲ್ಲೇ ದಾರಿ ತಪ್ಪಿದರೆ, ಹಣದ ಲೆಕ್ಕ ಹಿಡಿತಕ್ಕೆ ಸಿಗದೆ ಹೋದರೆ ವೈದ್ಯರ ಬಳಿ ಹೋಗಬೇಕು.

◆ ವೈದ್ಯರು ಮೊದಲು ಬರೆದುಕೊಡುವುದು ರಕ್ತಪರೀಕ್ಷೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಮಂದವಾಗುವುದು, ಖಿನ್ನತೆ ಇವು ಮೂರೂ ಡಿಮೆನ್ಶಿಯಾದ ವೇಷ ಹಾಕಿಕೊಂಡು ಬರುತ್ತವೆ. ಬೇಗ ಕಂಡುಹಿಡಿದರೆ ವಾಪಸ್ ಕಳಿಸಬಹುದು. ಬಿ12 ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲುಗಳಲ್ಲಿ. ಸೊಪ್ಪು, ಕಾಳು, ಮುದ್ದೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಪೂರ್ತಿ ಸಸ್ಯಾಹಾರಿಗಳು, ಅದರಲ್ಲೂ ಹಾಲು ಮೊಸರನ್ನೂ ಬಿಟ್ಟವರು, ಮತ್ತು ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗುತ್ತಿರುವವರು ಇದನ್ನು ಆಗಾಗ ನೋಡಿಸಿಕೊಳ್ಳುವುದು ಲೇಸು. ನೆಗಡಿ, ಅಲರ್ಜಿ, ನಿದ್ದೆಗೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳೂ ವಯಸ್ಸಾದವರ ನೆನಪಿಗೆ ಮಂಕು ಕವಿಸುತ್ತವೆ.

◆ ‘ಅರವತ್ತಕ್ಕೆ ಅರಳು ಮರಳು’ ಎನ್ನುತ್ತೇವೆ. ಆದರೆ ಡಿಮೆನ್ಶಿಯಾದ ಒಂದು ಬಗೆಯಾದ ಅಲ್ಝೈಮರ್ ಕಾಯಿಲೆಯ ಮೊದಲ ರೋಗಿ ಆಗಸ್ಟೆ ಡೀಟರ್ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆ ಸೇರಿದಾಗ ಆಕೆಗೆ 51. ಹೆಸರು ಕೇಳಿದರೆ ಆಗಸ್ಟೆ, ಮನೆತನದ ಹೆಸರು ಕೇಳಿದರೂ ಆಗಸ್ಟೆ, ಗಂಡನ ಹೆಸರಿಗೂ ಅದೇ ಉತ್ತರ. ಆಕೆ ತೀರಿಕೊಂಡ ಮೇಲೆ ಡಾ. ಅಲೋಯಿಸ್ ಅಲ್ಝೈಮರ್ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, 1906ರ ನವೆಂಬರಿನಲ್ಲಿ ಟ್ಯೂಬಿಂಗನ್ ಸಭೆಯಲ್ಲಿ ವರದಿ ಓದಿದರು. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ.

◆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು.

◆ ಈಗ ಮುಖ್ಯ ವಿಷಯ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ರಚಿಸಿದ ಆಯೋಗ 2024ರಲ್ಲಿ 14 ಅಪಾಯಗಳ ಪಟ್ಟಿ ಕೊಟ್ಟಿತು. ಅವನ್ನೆಲ್ಲ ತೊಡೆದುಹಾಕಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಬೀಡಿ ಸಿಗರೇಟು, ಮಿತಿಮೀರಿದ ಕುಡಿತ, ಕೂತಲ್ಲೇ ಕೂರುವುದು, ಖಿನ್ನತೆ, ಒಂಟಿತನ, ಹೊಗೆ ತುಂಬಿದ ಗಾಳಿ, ಎಳವೆಯಲ್ಲಿ ಓದು ತಪ್ಪಿದ್ದು, ದೃಷ್ಟಿದೋಷ, ತಲೆಗೆ ಪೆಟ್ಟು, ಮತ್ತು ಕಿವಿ ಮಂದವಾಗುವುದು. ಈ ಪಟ್ಟಿಯಲ್ಲಿ ಟಾನಿಕ್ ಕುಡಿಯದಿರುವುದು, ಪದಬಂಧ ಬಿಡಿಸದಿರುವುದು ಎಂಬವು ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ತಲೆಪೆಟ್ಟಿನ ಮಾತು ಬಂದದ್ದರಿಂದ ಒಂದು ಮಾತು: ಪೊಲೀಸರ ಕಣ್ತಪ್ಪಿಸಲು ಹಾಕುವ ಆ ಅರ್ಧ ಬುರುಡೆಯ ಟೊಪ್ಪಿ ಹೆಲ್ಮೆಟ್ಟಲ್ಲ.

◆ ಪಟ್ಟಿಯಲ್ಲಿ ಅತಿ ಭಾರದ ಎರಡು ಅಂಶಗಳಲ್ಲಿ ಒಂದು ಕಿವಿ. ಶೇ 45ರಲ್ಲಿ 7 ಪಾಲು ಅದರದು. ಅಷ್ಟೇ ಪಾಲು ಕೆಟ್ಟ ಕೊಲೆಸ್ಟ್ರಾಲಿನದು. ಕೇಳಿಸದವರು ಮೆಲ್ಲಗೆ ಮಾತುಕತೆಯಿಂದ ಹಿಂದೆ ಸರಿಯುತ್ತಾರೆ. ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹಿಡಿಯುತ್ತಾರೆ. ಅರ್ಧ ಕೇಳಿದ ಮಾತನ್ನು ಪೂರ್ತಿ ಮಾಡಿಕೊಳ್ಳಲು ಮೆದುಳು ತಿಣುಕುವುದರಿಂದ ನೆನಪಿಡಲು ಬೇಕಾದ ತ್ರಾಣವೂ ಅಲ್ಲೇ ಖರ್ಚಾಗುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಶ್ರವಣಸಾಧನದಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮೂರು ವರ್ಷದಲ್ಲಿ ಬುದ್ಧಿಶಕ್ತಿ ಕುಂದುವ ವೇಗ ಶೇ 48ರಷ್ಟು ತಗ್ಗಿತ್ತು. ನಲವತ್ತಕ್ಕೆ ಕನ್ನಡಕ ಹಾಕಲು ನಮಗೆ ನಾಚಿಕೆಯಿಲ್ಲ, ಎಪ್ಪತ್ತಕ್ಕೆ ಕಿವಿಯ ಮಷೀನು ಹಾಕಲು ಮಾತ್ರ ಎಲ್ಲಿಲ್ಲದ ಸಂಕೋಚ. ‘ಅವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ’ ಎಂದು ಮನೆಯವರು ನಗುತ್ತಾ ಹತ್ತು ವರ್ಷ ಕಳೆಯುತ್ತಾರೆ.

◆ ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲಿ, ತೆಗೆಸದವರಿಗಿಂತ, ಡಿಮೆನ್ಶಿಯಾ ಸುಮಾರು ಶೇ 30ರಷ್ಟು ಕಡಿಮೆ ಕಂಡಿದೆ. ಅಮೆರಿಕದ ಸಿಯಾಟಲ್ ಸುತ್ತಿನ ಹಿರಿಯರ ಮೇಲಿನ ಅಧ್ಯಯನವಿದು. ನಮ್ಮಲ್ಲಿ ಪೊರೆಯ ಉಚಿತ ಶಿಬಿರಗಳಿಗೇನೂ ಬರವಿಲ್ಲ.

◆ ಹೆನ್ರಿ ಮೊಲೇಸನ್‌ಗೆ 27 ವರ್ಷವಾಗಿದ್ದಾಗ, 1953ರಲ್ಲಿ, ಅಪಸ್ಮಾರ ತಗ್ಗಿಸಲೆಂದು ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ತೆಗೆದರು. ಸೆಳೆತ ತಗ್ಗಿತು. ಆದರೆ ಅಲ್ಲಿಂದ ಮುಂದಿನ ಐವತ್ತೈದು ವರ್ಷ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಅವರನ್ನು ಪರೀಕ್ಷಿಸುತ್ತಿದ್ದ ಬ್ರೆಂಡಾ ಮಿಲ್ನರ್ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವುದು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಪ್ರತಿದಿನವೂ ಅವರಿಗೆ ಅದು ಎಂದೂ ಕಾಣದ ಹೊಸ ಕೆಲಸ. ಕೈಯ ಕಸುಬಿಗೂ ಘಟನೆಯ ನೆನಪಿಗೂ ಮೆದುಳಿನಲ್ಲಿ ಬೇರೆ ಬೇರೆ ಉಗ್ರಾಣಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಮಗಳ ಹೆಸರು ಮರೆತ ಅಜ್ಜಿ ಹೂ ಕಟ್ಟುವುದನ್ನು ಮರೆಯದಿರುವುದಕ್ಕೂ ಇದೇ ಕಾರಣ.

◆ ಅದೇ ಹಿಪೊಕ್ಯಾಂಪಸ್ ವಯಸ್ಸಾದಂತೆ ವರ್ಷಕ್ಕೆ ಶೇ 1–2ರಷ್ಟು ಕುಗ್ಗುತ್ತದೆ. ಅದನ್ನು ಹಿಗ್ಗಿಸಿದ ಮದ್ದು ಯಾವುದು? ನಡಿಗೆ! 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 120 ಹಿರಿಯರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ, ವಾರಕ್ಕೆ ಮೂರು ದಿನ, 40 ನಿಮಿಷ ಚುರುಕಾಗಿ ನಡೆದರು. ಅವರ ಹಿಪೊಕ್ಯಾಂಪಸ್ ಶೇ 2ರಷ್ಟು ದೊಡ್ಡದಾಯಿತು. ಬರೀ ಮೈ ಸಡಿಲಿಸುವ ಕಸರತ್ತು ಮಾಡಿದವರದು ಕುಗ್ಗಿತು. ಪಾರ್ಕಿನ ಕಲ್ಲುಬೆಂಚು ಕಾಯುವವರನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

◆ ಲಂಡನ್ನಿನ ಟ್ಯಾಕ್ಸಿ ಚಾಲಕರಾಗಲು ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿಯ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಪರೀಕ್ಷೆ ಗೆಲ್ಲಲು ಮೂರು ನಾಲ್ಕು ವರ್ಷ ಬೇಕು. ಗೆದ್ದವರ ಹಿಪೊಕ್ಯಾಂಪಸ್ಸಿನ ಹಿಂಭಾಗ ಉಬ್ಬಿರುತ್ತದೆ, ನಪಾಸಾದವರದು ಇದ್ದಷ್ಟೇ ಎಂದು ಎಲಿನೋರ್ ಮಗ್ವೈರ್ ತಂಡ ತೋರಿಸಿತು. ‘ಲೊಕೇಶನ್ ಕಳಿಸಿ ಸಾರ್’ ಎನ್ನುವ ನಮ್ಮ ಬೆಂಗಳೂರು ಚಾಲಕರನ್ನು ಇನ್ನೂ ಯಾರೂ ಅಳೆದಂತಿಲ್ಲ.

◆ ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ. ಅಥವಾ ಮನೆಯಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ. ಇದರಿಂದ ಮೆದುಳಿಗೆ ಲಾಭವಿದೆಯೇ? ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ವಿವರ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಭಾಷೆ ಆಡುವವರಿಗೆ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ. ‘ಎರಡು ಭಾಷೆ ಬಲ್ಲವರು ಓದಿದವರಿರಬೇಕು, ಅದರಿಂದ ಹಾಗಾಯಿತು’ ಎಂದು ತಳ್ಳಿಹಾಕುವಂತಿರಲಿಲ್ಲ. ಅಕ್ಷರವೇ ಬಾರದವರಲ್ಲೂ ಈ ಅಂತರ ಕಂಡಿತು. ಪಾಶ್ಚಾತ್ಯ ದೇಶಗಳಲ್ಲಿ ಎರಡನೇ ಭಾಷೆ ಸಾಮಾನ್ಯವಾಗಿ ಓದಿನೊಂದಿಗೋ ವಲಸೆಯೊಂದಿಗೋ ಬರುವುದರಿಂದ ಈ ಸಿಕ್ಕು ಬಿಡಿಸುವುದು ಕಷ್ಟ. ನಮ್ಮ ಸಂತೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ. ಅಂದಹಾಗೆ, ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭ ಈ ಅಧ್ಯಯನದಲ್ಲಿ ಕಾಣಲಿಲ್ಲ. ಬೇರೆಡೆಯ ಕೆಲವು ಅಧ್ಯಯನಗಳಲ್ಲಿ ಎರಡನೆಯದರ ಲಾಭವೂ ಇಷ್ಟು ಸ್ಪಷ್ಟವಾಗಿಲ್ಲ.

◆ ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರು ತಮ್ಮ ಮೆದುಳನ್ನು ವಿಜ್ಞಾನಕ್ಕೆ ಬರೆದುಕೊಟ್ಟರು. ಅವರಲ್ಲಿ 101ಕ್ಕೆ ತೀರಿಕೊಂಡ ಸಿಸ್ಟರ್ ಮೇರಿಯ ಮೆದುಳಿನಲ್ಲಿ ಅಲ್ಝೈಮರ್ ಗುರುತುಗಳು ಕಿಕ್ಕಿರಿದಿದ್ದವು. ಬದುಕಿದ್ದಾಗ ಮಾತ್ರ ಅವರು ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆಯುತ್ತಿದ್ದರು. ಇನ್ನೊಂದು ಬೆರಗು: ಇಪ್ಪತ್ತರ ಹರೆಯದಲ್ಲಿ ಬರೆದ ಆತ್ಮಕಥನದಲ್ಲಿ ವಿಚಾರಗಳು ಒತ್ತಾಗಿದ್ದವರಿಗೆ ಅರವತ್ತು ವರ್ಷಗಳ ನಂತರ ಡಿಮೆನ್ಶಿಯಾ ಕಡಿಮೆ.

◆ ಒಂದೆಲಗದ ತಂಬುಳಿ ರುಚಿಯೇ, ಅನುಮಾನವಿಲ್ಲ. ಆದರೆ ಬ್ರಾಹ್ಮಿ ಎಂದು ನಮ್ಮಲ್ಲಿ ಕರೆಯುವುದು ಎರಡು ಬೇರೆ ಗಿಡಗಳನ್ನು: ಗದ್ದೆಯಂಚಿನ ದುಂಡೆಲೆಯ ಒಂದೆಲಗ ಒಂದು, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಇನ್ನೊಂದು. ಎರಡನೆಯದರ ಮೇಲೆ ಸಣ್ಣ ಪ್ರಯೋಗಗಳಾಗಿ ನೆನಪಿಗೆ ಅಲ್ಪಸ್ವಲ್ಪ ಅನುಕೂಲ ಕಂಡಿದೆ. ಡಿಮೆನ್ಶಿಯಾ ತಡೆಯುತ್ತದೆ ಎಂಬ ಪುರಾವೆ ಎರಡಕ್ಕೂ ಇಲ್ಲ. ವಿದೇಶಿ ಗಿಂಕ್ಗೊ ಎಲೆಯ ಸಾರವನ್ನು 3,069 ಹಿರಿಯರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ, ತಡೆಯುವುದಿಲ್ಲವೆಂದು 2008ರಲ್ಲೇ ಹೇಳಿಯಾಗಿದೆ. ಔಷಧಿ ಅಂಗಡಿಯಲ್ಲಿ ಅದು ಇನ್ನೂ ಮಾರಾಟವಾಗುತ್ತಿದೆ.

◆ ಮಕ್ಕಳ ಪರೀಕ್ಷೆಗೆ ಒಂದು ಕಿವಿಮಾತು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳಿಗೆ ವಾರದ ನಂತರ ಉಳಿದದ್ದು ಶೇ 40. ಒಮ್ಮೆ ಓದಿ, ಪುಸ್ತಕ ಮುಚ್ಚಿ, ಮೂರು ಸಲ ನೆನಪಿನಿಂದ ಬರೆದವರಿಗೆ ಶೇ 61. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಮುಂದೆ ಮಗ್ಗಿ ಒಪ್ಪಿಸುತ್ತಿದ್ದ ಪದ್ಧತಿಯೂ ಇದೇ. ಒಪ್ಪಿಸಿದ ಮೇಲೆ ನಿದ್ದೆ ಮಾಡಿಸಿ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ.

◆ ಅಷ್ಟಾವಧಾನ ನೋಡಿದ್ದೀರಾ? ಸವಾಲು ಹಾಕಲು ಎಂಟು ಪೃಚ್ಛಕರು. ಒಬ್ಬರು ಹೆಜ್ಜೆಹೆಜ್ಜೆಗೂ ಅಕ್ಷರ ನಿಷೇಧಿಸುತ್ತಾರೆ, ಒಬ್ಬರು ಸಮಸ್ಯೆ ಒಡ್ಡುತ್ತಾರೆ, ಒಬ್ಬರು ಸಂಖ್ಯಾಬಂಧದ ಮನೆಗಳನ್ನು ಅಡ್ಡಾದಿಡ್ಡಿ ಕೇಳುತ್ತಾರೆ, ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ಕಾಡುವುದೇ. ಅವಧಾನಿ ಕಾಗದ, ಪೆನ್ನು ಇಲ್ಲದೆ ಸುತ್ತಿಗೊಂದು ಪಾದದಂತೆ ಪದ್ಯ ಕಟ್ಟಿ, ಕೊನೆಗೆ ಎಲ್ಲವನ್ನೂ ಧಾರಣೆಯಿಂದ ಒಪ್ಪಿಸಬೇಕು. 2012ರಲ್ಲಿ ಆರ್. ಗಣೇಶರು ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ಅಲ್ಲಿ ಪೃಚ್ಛಕರು ನೂರು.

◆ ಇದಕ್ಕೆ ತದ್ವಿರುದ್ಧ ನಮ್ಮ ಮೊಬೈಲು. ವಸ್ತುಸಂಗ್ರಹಾಲಯದಲ್ಲಿ ಫೋಟೊ ತೆಗೆದವರು, ಸುಮ್ಮನೆ ನೋಡಿದವರಿಗಿಂತ ಕಡಿಮೆ ನೆನಪಿಟ್ಟುಕೊಂಡರು ಎಂದು ಲಿಂಡಾ ಹೆಂಕೆಲ್ 2014ರಲ್ಲಿ ಕಂಡುಕೊಂಡರು. ಒಂದು ಭಾಗವನ್ನು ಜೂಮ್ ಮಾಡಿ ತೆಗೆದವರಿಗೆ ಈ ನಷ್ಟವಾಗಲಿಲ್ಲ. ಹಳೇಬೀಡಿಗೆ ಹೋದಾಗ ಮೊದಲು ನೋಡಿ, ಆಮೇಲೆ ತೆಗೆಯಿರಿ.

◆ ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಈಗ ಮೆದುಳಿನ ಅಧ್ಯಯನಕ್ಕೂ ಹೆಸರಾಗುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಅಲ್ಲಿನ ಹಳ್ಳಿಗಳ, 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ.

◆ ‘ನಮ್ಮ ಆಟ ಆಡಿದರೆ ಮರೆವು ಬಾರದು’ ಎಂಬ ಧಾಟಿಯಲ್ಲಿ ಜಾಹೀರಾತು ಮಾಡಿದ್ದ ‘ಲುಮೋಸಿಟಿ’ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಆರೋಪ ಇತ್ಯರ್ಥಕ್ಕೆ 20 ಲಕ್ಷ ಡಾಲರ್ ತೆತ್ತಿತು. ಆಡುವುದಾದರೆ ಚೌಕಾಬಾರ ಆಡಿ. ಎದುರಿಗೆ ಜಗಳಕ್ಕೊಂದು ಜನವಾದರೂ ಇರುತ್ತದೆ.

◆ ಕೊನೆಯದು ಎಲ್ಲಕ್ಕಿಂತ ವಿಚಿತ್ರ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಸರ್ಪಸುತ್ತಿನ ಲಸಿಕೆ ಕೊಡತೊಡಗಿದಾಗ 1933ರ ಸೆಪ್ಟೆಂಬರ್ 2 ಅಥವಾ ನಂತರ ಹುಟ್ಟಿದವರು ಅರ್ಹರು, ಅದಕ್ಕೆ ಒಂದು ದಿನ ಮೊದಲು ಹುಟ್ಟಿದವರೂ ಅನರ್ಹರು ಎಂಬ ನಿಯಮವಿತ್ತು. ಒಂದೇ ವಯಸ್ಸಿನವರಲ್ಲಿ ತಾನಾಗಿ ಎರಡು ಗುಂಪಾಯಿತು. ಏಳು ವರ್ಷದ ನಂತರ ನೋಡಿದರೆ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ಸುಮಾರು ಶೇ 20ರಷ್ಟು ಕಡಿಮೆ. 2025ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಕಾರಣ ಇನ್ನೂ ಚರ್ಚೆಯಲ್ಲಿದೆ. ಮರೆವು ತಡೆಯಲೆಂದು ಈ ಲಸಿಕೆ ಹಾಕಿಸಿಕೊಳ್ಳುವ ಕಾಲ ಬಂದಿಲ್ಲ. ಆದರೆ ಸರ್ಪಸುತ್ತು ಬಂದಾಗ ಕೆಮ್ಮಣ್ಣು ಬಳಿದುಕೊಂಡು, ರಾತ್ರಿಯಿಡೀ ಉರಿಯಲ್ಲಿ ಹೊರಳಾಡಿದವರನ್ನು ಕೇಳಿ. ಲಸಿಕೆಗೆ ಅವರು ಎರಡನೇ ಕಾರಣ ಹುಡುಕುವುದಿಲ್ಲ.